ನೀಲಿ ಗಿಳಿಗಳ ಕೌದಿ

ಆಗ ನನಗೆ ಮೂವತ್ತೆಂಟು. ಅದಾಗಿ ನಲವತ್ತು ವರ್ಷ. ರಾಯಚೂರಿನಲ್ಲಿ ಮಂದಿಯ ಹಳೆಯ ಸೀರೆಗಳಿಂದ ಕೌದಿ ಹೊಲಿದುಕೊಡುತ್ತಿದ್ದೆ. ಶಕ್ತಿನಗರದ ಕರೆಂಟಿನ ಕಾರ್ಖಾನೆಯ ಇಂಜಿನಿಯರೊಬ್ಬರ ಹೆಂಡತಿ ಕರೆಸಿ, ಚಿತ್ರದ ಪುಸ್ತಕ ಬಿಚ್ಚಿ ಮುಂದಿಟ್ಟಳು. ಎರಡು ನೀಲಿ ಗಿಳಿ. ಕೌದಿಯ ನಡುವೆ ಅವೇ ಬೇಕಂತೆ. ಗಂಡನ ಮೇಲಿನ ಸಾಹೇಬರಿಗೆ ಹಕ್ಕಿಯ ಹುಚ್ಚು, ಅವರಿಗೆ ಕೊಡುವ ಕೌದಿ. ಅವರು ಮೆಚ್ಚಿದರೆ ನನ್ನ ಮಗನಿಗೆ ಅಲ್ಲೇ ಕೆಲಸ. ನಾನು ಒಪ್ಪಿದ್ದು ಆ ಮಾತಿಗೆ, ಗಿಳಿಗಲ್ಲ.

“ಗಿಳಿ ಹಸರ ಇರ್ತಾವಲ್ರೀ ಅಮ್ಮಾರ.”

“ಇವು ದಕ್ಷಿಣ ಅಮೆರಿಕದ ಕಾಡಿನವು. ಎರಡೂ ಬ್ಯಾರೆ ಬ್ಯಾರೆ ಜಾತಿ, ನೋಡು.”

ದೊಡ್ಡದು ಕಡುನೀಲಿ, ಕೊಕ್ಕಿನ ಬುಡಕ್ಕೆ ಅರ್ಧಚಂದ್ರದಂಥ ಹಳದಿ. ಚಿಕ್ಕದರ ನೀಲಿ ಮಾಸಲು, ತಲೆ ತುಸು ಹಸಿರು, ಹಳದಿ ಮಾತ್ರ ಕಣ್ಣೀರ ಹನಿಯಂತೆ. ಕಾಡು ಕಡಿದು, ಮರಿ ಹಿಡಿದು ಮಾರಿ, ಎರಡರ ವಂಶವೂ ಮುಗಿಯುತ್ತ ಬಂದಿದೆ ಎಂದು ಆಕೆ ಚಿತ್ರದ ಮೇಲೆ ಕೈಯಾಡಿಸಿದಳು. ನಾವು ಮಾನ್ವಿಯಲ್ಲಿ ಜೋಳದ ತೆನೆಗೆ ಬೀಳುವ ಗಿಳಿಗೆ ಕವಣೆ ಬೀಸಿದವರು. ದೇವದುರ್ಗದ ನನ್ನ ಅತ್ತೆಗೂ ಇಬ್ಬರು ಹೆಣ್ಣುಮಕ್ಕಳಿದ್ದರು, ಒಬ್ಬಳು ದಪ್ಪ ಕಪ್ಪು, ಒಬ್ಬಳು ಕಡ್ಡಿ. ಅವರನ್ನು ಹೋಲಿಸಿ ಯಾರೂ ಪುಸ್ತಕ ಮಾಡಲಿಲ್ಲ.

ಹೊಲಿದು ಒಯ್ದರೆ ಮೂಗು ಮುರಿದಳು. “ಸಣ್ಣದೂ ದೊಡ್ಡದರಂಗ ಕಾಣ್ತದ. ಬಿಚ್ಚು.”

“ಹೊಚ್ಚಿಕೊಂಡವರು ಕಣ್ಣು ಮುಚ್ಚತಾರ್ರೀ, ಹಕ್ಕಿ ಯಾರು ನೋಡ್ತಾರ?”

“ಮಗನ ಕೆಲಸ ಬೇಕೋ ಬ್ಯಾಡೋ?”

ಬಿಚ್ಚಿದೆ. ಮಾಸಲು ನೀಲಿಗೆಂದು ನನ್ನದೇ ಸೀರೆಯ ಸೆರಗು ಕತ್ತರಿಸಿದೆ.

ಸಾಹೇಬರು ಅವರ ಮನೆಗೆ ಊಟಕ್ಕೆ ಬಂದ ದಿನ ಮಗನ ಜೊತೆ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ. ಕೌದಿ ಹರವಿದರು. ಸಾಹೇಬರು ನೋಡಿ, “ನವಿಲು ಚಲೋ ಬಂದಾವ” ಎಂದರು. ಗಿಳಿ ಎನ್ನುವ ಧೈರ್ಯ ಒಬ್ಬರಿಗೂ ಬರಲಿಲ್ಲ. ಇಂಜಿನಿಯರ್ ಕೆಲಸದ ಮಾತೆತ್ತಿ ನನ್ನ ಮಗನನ್ನು ಮುಂದೆ ತಳ್ಳಿದರು.

“ಆ ಕೆಲಸಾ? ಅದಕ್ಕ ನಮ್ಮ ಡ್ರೈವರನ ಅಳಿಯನ್ನ ತಗೊಂಡಾಯ್ತಲ್ಲ” ಎಂದರು ಸಾಹೇಬರು. ಕೌದಿಯನ್ನು ಮಾತ್ರ ಮರೆಯದೆ ಜೀಪಿಗೆ ಹಾಕಿಸಿಕೊಂಡರು.

ಜೀಪು ಹೋದ ಮೇಲೆ ಆಕೆ ನನ್ನ ಮೇಲೆ ತಿರುಗಿದಳು. “ಆ ಹಳದಿ ಹನಿ ಸರಿ ಬರಲಿಲ್ಲ. ಅದಕ್ಕ ಅವರಿಗೆ ಗುರುತು ಸಿಗಲಿಲ್ಲ.”

“ನವಿಲಿಗೆ ಹನಿ ಯಾಕ್ರೀ ಅಮ್ಮಾರ?” ಎಂದು ಮಗನ ಕೈ ಹಿಡಿದು ಹೊರಬಿದ್ದೆ.

ಮರುದಿನ ಮುಂಜಾನೆ ಮೊದಲ ಬಸ್ಸಿಗೆ ಅವನನ್ನು ಮಾನ್ವಿಗೆ ಕರೆದೊಯ್ದು, ರೈಸ್ ಮಿಲ್ಲಿನಲ್ಲಿ ಭತ್ತದ ಚೀಲ ಹೊರಲು ಹಚ್ಚಿದೆ.