ಏಳೆಮ್ಮೆ ಏಳು

ನನ್ನ ಸೋದರಮಾವ ಭಜನಾ ಮಂಡಳಿ ಸೇರಿದ್ದು ಭಕ್ತಿಯಿಂದಲ್ಲ, ಸಿಟ್ಟಿನಿಂದ. ಠಾಣೆ ಪಟ್ಟಣದ ವಾಗ್ಳೆ ಎಸ್ಟೇಟೆಂಬ ಕೈಗಾರಿಕಾ ಬಡಾವಣೆಯಲ್ಲಿ ಫ್ಯಾನ್ ಮಾಡುವ ಕಂಪೆನಿಯೊಂದಿತ್ತು. ಅಲ್ಲಿ ಫೋನಿನಲ್ಲಿ ಗಿರಾಕಿಗಳ ದೂರು ಕೇಳುವುದು ಅವರ ಕೆಲಸ. ಫ್ಯಾನ್ ತಿರುಗದಿದ್ದರೂ ಬೈಗುಳ, ತಿರುಗುವಾಗ ಸದ್ದು ಮಾಡಿದರೂ ಬೈಗುಳ; ಇವರ ಉತ್ತರ ಮಾತ್ರ ಒಂದೇ, ‘ಸಾರಿ ಸರ್’. ಮೂಗಿನ ತುದಿಯಲ್ಲಿ ಕೋಪವಿದ್ದ ಉಡುಪಿಯ ಮನುಷ್ಯ ದಿನವಿಡೀ ಸಾರಿ ಹೇಳಿದರೆ ಆಗುವುದೇ ಆಯಿತು. ಬಿಪಿ ಏರಿತು. ಸಿಟ್ಟನ್ನು ಒಳಗಿಟ್ಟುಕೊಳ್ಳಬೇಡಿ ಎಂದರು ಡಾಕ್ಟರು. ಮಾವ ಟಿಟ್ವಾಳಾ ಲೋಕಲ್ ರೈಲಿನಲ್ಲಿ ತಾಳ ಹಿಡಿದರು.

ಬೆಳಗಿನ ಆ ಗಾಡಿಯಲ್ಲಿ ಆಫೀಸಿಗೆ ಹೋಗುವ ಮರಾಠಿ ಗಂಡಸರ ಮಂಡಳಿಯೊಂದಿತ್ತು. ಟಿಟ್ವಾಳಾದಲ್ಲೇ ಹತ್ತಿ, ಕಿಟಕಿಯ ಪಕ್ಕ ದೇವರ ಪಟ ತೂಗುಹಾಕಿ, ಢೋಲಕಿ ಬಾರಿಸುತ್ತ ಹೋಗುತ್ತಿದ್ದರು. ಮಾವನಿಗೆ ಮರಾಠಿ ಪದಗಳು ಅರ್ಧಂಬರ್ಧ ಬರುತ್ತಿದ್ದವು. ಬಾರದ ಕಡೆ ಕನ್ನಡ ತುಂಬುತ್ತಿದ್ದರು. ಆ ಕನ್ನಡವೆಂದರೆ ಹಿಂದಿನ ದಿನ ಗಿರಾಕಿಗಳಿಗೆ ಕೊಡಲಾಗದೆ ಉಳಿದ ಉತ್ತರ. ‘ನಿನ್ನ ಮಂಡೆಯಲ್ಲಿ ಏನುಂಟು’ ಎಂದು ಅವರು ಕಣ್ಣುಮುಚ್ಚಿ ಎಳೆದರೆ ಮಂಡಳಿಯವರು ತಲೆದೂಗಿ ಅದನ್ನೇ ತಿರುಗಿ ಹೇಳುತ್ತಿದ್ದರು. ದಕ್ಷಿಣದ ಯಾವುದೋ ಸಂತನ ವೈರಾಗ್ಯದ ಪದವೆಂದು ಅವರ ನಂಬಿಕೆ. ಮಾವನ ಬಿಪಿ ಇಳಿಯಿತು.

ನಾನು ಹತ್ತುತ್ತಿದ್ದದ್ದು ಕಲ್ಯಾಣದಲ್ಲಿ. ಒಂದು ದಿನ ನಾನು ನುಗ್ಗಿ ಒಳಸೇರುವಷ್ಟರಲ್ಲಿ, ಪಟದ ಹಾರ ಸರಿಪಡಿಸಲು ಎದ್ದಿದ್ದ ಮಾವನ ಜಾಗದಲ್ಲಿ ದೈತ್ಯನಂಥ ಒಬ್ಬ ಕೂತುಬಿಟ್ಟಿದ್ದ. ಅವನನ್ನು ನಾವೆಲ್ಲ ಬಲ್ಲೆವು. ಹಿಂದಿನ ವಾರವಷ್ಟೇ, ವಾದಕ್ಕೆ ಬಂದವನೊಬ್ಬನ ಬ್ಯಾಗನ್ನು ಮುಂಬ್ರಾದಲ್ಲಿ ಹಳಿಯ ಪಕ್ಕದ ಹಿನ್ನೀರಿನ ಕೆಸರಿಗೆ ಎಸೆದಿದ್ದ. ಆಮೇಲೆ ಬ್ಯಾಗಿನವನ ಕಾಲರಿಗೇ ಕೈ ಹಾಕಿ ಬಾಗಿಲಿನತ್ತ ದಬ್ಬಿದ್ದ. ಜನ ಹಿಡಿದೆಳೆದದ್ದರಿಂದ ಆ ಮನುಷ್ಯ ಉಳಿದ. ಓಡುವ ಗಾಡಿಯ ಹೊರಗೆ ತೂಗಾಡಿದ ಅವನ ಒಂದು ಕಾಲು ಇಂದಿಗೂ ನನ್ನ ಕಣ್ಣ ಮುಂದಿದೆ.

ಮಾವ ಜಾಗ ಕೇಳಿದರು. ದೈತ್ಯ ಕಾಲು ಚಾಚಿದ. ಮತ್ತೆ ಕೇಳಿದಾಗ ಬಾಗಿಲಿನತ್ತ ಗದ್ದ ಎತ್ತಿ ತೋರಿಸಿ, ತಣ್ಣಗೆ, “ಬಾಹರ್ ಫೇಂಕ್ ದೂಂಗಾ” ಎಂದ.

ನಾನು ಮಾವನ ತೋಳು ಹಿಡಿದೆ. ಅವರು ಕೊಸರಿಕೊಂಡು ತಾಳ ಎತ್ತಿಕೊಂಡರು. ಅವನ ಮುಖದ ಎದುರಿಗೇ ನಿಂತು ಶುರುಮಾಡಿದರು:

“ಏಳೆಮ್ಮೆ ಏಳು, ಜಾಗ ಬಿಟ್ಟು ಏಳು, ಕೊಬ್ಬಿದ ಎಮ್ಮೆ ಏಳು.”

ಢೋಲಕಿ ಕೂಡಿಕೊಂಡಿತು. ಮಂಡಳಿ ಕೂಡಿಕೊಂಡಿತು. ಡೊಂಬಿವಲಿಯಲ್ಲಿ ಹತ್ತಿದ ಜನ, ಚಪ್ಪಾಳೆಗೆ ಕೈ ಎತ್ತಲೂ ಜಾಗವಿಲ್ಲದವರು, ಬಾಯಲ್ಲೇ ಕೂಡಿಕೊಂಡರು. ಇಡೀ ಬೋಗಿ ಒಬ್ಬನನ್ನು ಎಮ್ಮೆ ಎಂದು ಭಕ್ತಿಯಿಂದ ಕರೆಯುತ್ತಿತ್ತು. ಸುಮ್ಮನಿದ್ದವರು ಇಬ್ಬರೇ, ಅವನು ಮತ್ತು ನಾನು. ಅವನಿಗೆ ಅದೇ ಅನುಮಾನ ತಂದಿರಬೇಕು. ದಿವಾ ದಾಟುತ್ತಿದ್ದಂತೆ ನನ್ನ ಅಂಗಿಯ ತುದಿ ಹಿಡಿದು ಎಳೆದ.

“ತೂ ಮದ್ರಾಸಿ ಹೈ ನಾ? ಯೇ ಕ್ಯಾ ಗಾ ರಹಾ ಹೈ?”

ಮುಂದಿನದು ಮುಂಬ್ರಾ. ಮಾವ ಬಾಗಿಲಿನಿಂದ ಎರಡು ಮಾರು ದೂರದಲ್ಲಿದ್ದರು. ಕಾಲೇಜಿನಲ್ಲಿ ಓದಿದ್ದೆಲ್ಲ ಆವಿಯಾಗಿ, ಒಂದನೇ ಕ್ಲಾಸಿನ ಕಾಗುಣಿತ ಮಾತ್ರ ತಲೆಯಲ್ಲಿ ಉಳಿದಿತ್ತು. ಏಳೆಮ್ಮೆ, ಏಳಮ್ಮ. ನಡುವೆ ಇದ್ದದ್ದು ಎರಡೇ ಎತ್ವ. ದೇವಿಯನ್ನು ಎಬ್ಬಿಸುತ್ತಿದ್ದಾರೆ, ಅಮ್ಮಾ ಏಳು ಎನ್ನುತ್ತಿದ್ದಾರೆ ಎಂದು ಹಿಂದಿಯಲ್ಲಿ ಹೇಳಿದೆ.

ಅವನು ಮಾವನನ್ನು ದಿಟ್ಟಿಸಿದ. ಆಮೇಲೆ ಎದ್ದ. ಆಯಿತು, ಮುಗಿಯಿತು ಅಂದುಕೊಂಡೆ. ಅವನು ಬಗ್ಗಿ ಬೂಟು ಕಳಚಿದ. ದೇವಿ ಏಳುವಾಗ ತಾನು ಕೂತಿದ್ದಕ್ಕೆ ಎರಡೂ ಕಿವಿ ಮುಟ್ಟಿಕೊಂಡ. ಆ ನೂಕುನುಗ್ಗಲಿನಲ್ಲಿ ಬರಿಗಾಲಲ್ಲಿ ಕೈಮುಗಿದು ನಿಂತು, ತುಂಬು ಗಂಟಲಿನಿಂದ ತನ್ನನ್ನು ತಾನೇ ಕೊಬ್ಬಿದ ಎಮ್ಮೆ ಎಂದು ಕರೆದುಕೊಳ್ಳತೊಡಗಿದ. ಮಾವ ಕೂತರು. ಮುಂಬ್ರಾ ಬಂತು, ಹೋಯಿತು.

ಠಾಣೆಯಲ್ಲಿ ಅವನೇ ಜನರನ್ನು ಮೊಣಕೈಯಿಂದ ಸರಿಸಿ ಮಾವನನ್ನು ಇಳಿಸಿದ. ನಾನೂ ಹಿಂದೆಯೇ ಇಳಿದೆ. ಗಾಡಿ ಹೊರಟ ಮೇಲೂ ಮಾವ ಪ್ಲಾಟ್‌ಫಾರಂ ಬಿಟ್ಟು ಕದಲಲಿಲ್ಲ.

“ಸಿಟ್ಟು ಇಳಿಯಲೇ ಇಲ್ಲ ಮಾರಾಯ,” ಎಂದರು. “ಕೈಮುಗಿದು ನಿಂತವನಿಗೆ ಬೈಯುವುದು ಹೇಗೆ?”

ಮರುದಿನ ಕಲ್ಯಾಣದಲ್ಲಿ ನಾನು ಹತ್ತಿದಾಗ ಅವನು ಆಗಲೇ ಬೂಟು ಕಳಚಿ ಮಾವನ ಎದುರು ನಿಂತಿದ್ದ. ನಿನ್ನೆಯ ಪದವೇ ಬೇಕಂತೆ. ನಾನು ಹಿಂದಿನ ಸಂಜೆಯೆಲ್ಲ ಕಾಲು ಹಿಡಿದು ಬೇಡಿಕೊಂಡಿದ್ದಂತೆ ಮಾವ ಎತ್ವ ತೆಗೆದು, ಮೆಲ್ಲಗೆ, ‘ಏಳಮ್ಮ ಏಳು’ ಎಂದು ಹಾಡಿದರು. ಒಂದು ಸುತ್ತು ಮುಗಿಯುವ ಮೊದಲೇ ಅವನು ಕಣ್ಣು ತೆರೆದು ಕೈ ಅಡ್ಡ ಮಾಡಿದ. ಇದರಲ್ಲಿ ಜೋರಿಲ್ಲ, ನಿನ್ನೆ ಹೇಳಿದ ಹಾಗೇ ಹೇಳು ಎಂದ.

ಮಾವ ನನ್ನತ್ತ ನೋಡಿದರು. ನಾನು ಬಾಗಿಲಿನತ್ತ ನೋಡಿದೆ. ಅಷ್ಟರಲ್ಲಿ ಢೋಲಕಿಯವನು ಅಸಹನೆಯಿಂದ ಮೊದಲ ಪೆಟ್ಟು ಹಾಕಿಯೇಬಿಟ್ಟ.