ಸೋಮವಾರದ ಫೋನು

ಪೈಸಾಂದು ಊರಿನ ಬೆನ್ನುನೋವಿನ ಕ್ಲಿನಿಕ್ಕಿನಲ್ಲಿ ನೆಲಿದಾ ಹತ್ತೊಂಬತ್ತು ವರ್ಷ ದಪ್ಪ ಡೈರಿಯೊಂದನ್ನು ಮುಂದಿಟ್ಟುಕೊಂಡು ರೋಗಿಗಳಿಗೆ ಅಪಾಯಿಂಟ್‌ಮೆಂಟ್ ಕೊಡುತ್ತಿದ್ದಳು. ಪ್ರತಿ ಸೋಮವಾರ ಅನ್ಸೆಲ್ಮೊ ಎಂಬಾತ ಹಳ್ಳಿಯಿಂದ ಫೋನ್ ಮಾಡಿ ತಾಯಿಗೆ ಬುಧವಾರದ ಸಮಯ ಕೇಳುತ್ತಿದ್ದ. ಅದಕ್ಕೆ ಅರ್ಧ ನಿಮಿಷ ಸಾಕು. ಆದರೆ ಅವನು ನದಿ ಏರಿದ್ದು, ಕಿತ್ತಳೆ ಹೂಬಿಟ್ಟಿದ್ದು ಎಲ್ಲ ಹೇಳಿ ಮುಗಿಸುವಷ್ಟರಲ್ಲಿ ಕಾಲು ಗಂಟೆ ಕಳೆದಿರುತ್ತಿತ್ತು. ಬಸ್ಸಿನಲ್ಲಿ ತಾಯಿ ಒಬ್ಬಳೇ ಬರುತ್ತಿದ್ದಳು. ಅವನ ಮುಖವನ್ನು ನೆಲಿದಾ ಕಂಡೇ ಇರಲಿಲ್ಲ.

ಈ ಮಾರ್ಚ್‌ನಲ್ಲಿ ಡಾಕ್ಟರು ಎಲ್ಲವನ್ನೂ ಆನ್‌ಲೈನ್ ಮಾಡಿಸಿದರು. ಅನ್ಸೆಲ್ಮೊನ ತಾಯಿಯ ಹೆಸರೂ ಕಂಪ್ಯೂಟರಿನಲ್ಲಿ ತಾನಾಗಿ ಮೂಡತೊಡಗಿತು, ಅವನ ಫೋನು ನಿಂತುಹೋಯಿತು. ನೆಲಿದಾಗೆ ಕೆಲಸ ಹಗುರವಾಯಿತು, ಸೋಮವಾರ ಮಾತ್ರ ಭಾರವಾಯಿತು.

ಆರು ವಾರ ತಡೆದಳು. ಏಳನೆಯ ವಾರದ ಸೋಮವಾರ ಬೆಳಿಗ್ಗೆ, ಬುಧವಾರಕ್ಕೆ ಖಾಲಿಯಿದ್ದ ಹೊತ್ತನ್ನೆಲ್ಲ ಕಂಪ್ಯೂಟರಿನಲ್ಲಿ ‘ಭರ್ತಿ’ ಎಂದು ಗುರುತು ಹಾಕಿ ಕುಳಿತಳು.

ಹತ್ತೂಕಾಲಿಗೆ ಫೋನು ಬಡಿದುಕೊಂಡಿತು.

“ಏನ್ರೀ ಸೆನ್ಯೋರಾ, ಬುಧವಾರ ಜಾಗಾನೇ ಇಲ್ವಂತೆ? ಊರಿಗೆಲ್ಲಾ ಬೆನ್ನುನೋವಾ?”

“ಜಾಗ ಇದೆ ದೋನ್ ಅನ್ಸೆಲ್ಮೊ. ನಾನೇ ಮುಚ್ಚಿಟ್ಟೆ.”

“ಯಾಕ್ರೀ?”

ಸುಳ್ಳು ಹೇಳಲು ಅವಳಿಗೆ ಬಾಯಿ ಬರಲಿಲ್ಲ. “ನೀವು ಫೋನ್ ಮಾಡ್ಲಿ ಅಂತ.”

“ನನ್ನ ಹರಟೆ ತಪ್ಪಿದ್ರೆ ಪೀಡೆ ಕಳೀತು ಅನ್ಕೋತೀರೇನೋ ಅಂತ ಸುಮ್ನಿದ್ದೆ,” ಎಂದ ಅವನು. ಆಮೇಲೆ ಮೆಲ್ಲಗೆ, “ಬರೋ ವಾರಾನೂ ಮುಚ್ಚಿಡ್ತೀರಾ?”

“ಇಡ್ತೀನಿ,” ಎಂದಳು ನೆಲಿದಾ.

ಬುಧವಾರ ಬಸ್ಸು ಬರುವ ಹೊತ್ತಿಗೆ ಅವಳು, ಈ ಸಲ ಅವನೂ ಬರಬಹುದೇನೋ ಎಂದು, ಕಿಟಕಿಯ ಬಳಿ ನಿಂತಿದ್ದಳು. ತಾಯಿ ಒಬ್ಬಳೇ ಇಳಿದಳು. ಬಸ್ಸು ಮುಂದೆ ಹೋದ ಮೇಲೂ ನೆಲಿದಾ ಕ್ಲಿನಿಕ್ಕಿನ ಬಾಗಿಲತ್ತಲೇ ನೋಡುತ್ತಿದ್ದಳು.