ಆನೆ ನೀರು ಕುಡಿದ ಕುಂಡ

ಬೀದಿಯವರೆಲ್ಲ ಆಕೆಯನ್ನು ಕ್ರಿಮಿ ಡಾಕ್ಟರು ಎಂದೇ ಕರೆಯುತ್ತಿದ್ದರು. ಯಾವ ಆಂಟಿಬಯೋಟಿಕ್‌ಗೂ ಬಗ್ಗದ ಬ್ಯಾಕ್ಟೀರಿಯಾಗಳನ್ನು ಲ್ಯಾಬಿನಲ್ಲಿ ಸಾಕಿ, ಅವುಗಳನ್ನು ಕೊಲ್ಲುವ ಹೊಸದೇನಾದರೂ ಸಿಕ್ಕೀತೇ ಎಂದು ಹುಡುಕುವುದು ಆಕೆಯ ಕೆಲಸ. ದಿನವಿಡೀ ಅಂಥವರ ಸಹವಾಸ ಮಾಡಿ ಬಂದವಳಿಗೆ ಮನೆಯ ಬಾಗಿಲ ಹಿಡಿಕೆಯೂ ಶತ್ರುವೇ. ಅತ್ತೆ ಮೊಮ್ಮಗಳನ್ನು ಎತ್ತಿಕೊಳ್ಳಲು ಬಂದರೆ ಸಾಕು, "ಸೋಪು ಹಾಕಿ ಕೈ ತೊಳೆದ್ರಾ ಅತ್ತೆ?"

"ಇಲ್ಲಮ್ಮ, ಕೆಸರು ಹಾಕಿ ತೊಳೆದೆ."

ದೊಡ್ಡ ಜಗಳವೆಂದರೆ ಬಟ್ಟೆಯ ಆನೆಯದು. ಅದರ ಸೊಂಡಿಲನ್ನು ಬಾಯಲ್ಲಿಟ್ಟುಕೊಳ್ಳದೆ ಪುಟ್ಟಿ ನಿದ್ದೆ ಮಾಡುತ್ತಿರಲಿಲ್ಲ. ಆನೆ ಒಂದು ಕಾಲಕ್ಕೆ ಬೆಳ್ಳಗಿತ್ತಂತೆ. ಈಗಿನ ಬಣ್ಣ ಯಾವುದೆಂದು ಹೇಳುವ ಧೈರ್ಯ ಯಾರಿಗೂ ಇರಲಿಲ್ಲ. ತೊಳೆಯಲೇಬೇಕು ಎಂದು ಸೊಸೆ, ತೊಳೆದರೆ ಮಗು ಅಳುತ್ತದೆ ಎಂದು ಅತ್ತೆ. ಗಂಡ ಪೇಪರಿನ ಹಿಂದೆ.

ಕೊನೆಗೆ ಅತ್ತೆಗೆ ಬುದ್ಧಿ ಕಲಿಸಲೆಂದೇ ಸೊಂಡಿಲಿಗೆ ಹತ್ತಿಕಡ್ಡಿ ಸವರಿ ಲ್ಯಾಬಿಗೆ ಒಯ್ದಳು. ಏನೇನು ಬೆಳೆಯುತ್ತದೋ ಬೆಳೆಸಿ, ಫೋಟೋ ತೆಗೆದು, ಸರಿಯಾಗಿ ಊಟದ ಹೊತ್ತಿಗೆ ತೋರಿಸುವ ಹುನ್ನಾರ. ಬಣ್ಣಬಣ್ಣವಾಗಿ ಬೆಳೆಯಿತು. ಅದರಲ್ಲೊಂದು ಬೂದು ಚುಕ್ಕೆಯನ್ನು ಕುಚೋದ್ಯಕ್ಕೆಂದು ತನ್ನ ಹಟಮಾರಿ ಬ್ಯಾಕ್ಟೀರಿಯಾ ತುಂಬಿದ ತಟ್ಟೆಗೆ ಹಚ್ಚಿದಳು. ಆಮೇಲೆ ನೋಡಿದರೆ ಚುಕ್ಕೆಯ ಸುತ್ತ ಗುಂಡಗೆ ಖಾಲಿ ಜಾಗ! ಯಾವ ಔಷಧಿಗೂ ಜಗ್ಗದ ರಾಕ್ಷಸರು ಆ ಕೊಳೆಯ ಹತ್ತಿರವೇ ಸುಳಿದಿರಲಿಲ್ಲ.

ಲ್ಯಾಬಿನ ಹಿರಿಯ ಮೇಡಂ ಕನ್ನಡಕ ಏರಿಸಿದರು. "ಚೆನ್ನಾಗಿದೆ. ಆದ್ರೆ ನೋಡು, ತಟ್ಟೆಗೆಲ್ಲಾ ಬೂಷ್ಟು ಹತ್ತಿದೆ, ಇದನ್ನ ನಂಬೋ ಹಾಗಿಲ್ಲ. ಎಲ್ಲಿಂದ ತಂದ್ಯೋ ಅಲ್ಲಿಂದಲೇ ಇನ್ನೊಂದು ಸಲ ತಾ. ಮತ್ತೆ ಬಂದ್ರೆ ಮುಂದುವರಿಸು. ಇಲ್ಲಾಂದ್ರೆ ಮರೆತುಬಿಡು."

ಬಸ್ಸಿಳಿದು ಓಡೋಡಿ ಬಂದರೆ ಬಾಲ್ಕನಿಯ ಹಗ್ಗದಲ್ಲಿ ಆನೆ ತಲೆಕೆಳಗಾಗಿ ನೇತಾಡುತ್ತಿತ್ತು. ಹಾಲಿನಷ್ಟು ಬಿಳಿ.

"ಬ್ಲೀಚ್ ಹಾಕಿ, ಕುದಿಯೋ ನೀರಲ್ಲಿ ಅದ್ದಿ ತೆಗೆದಿದ್ದೀನಿ," ಎಂದರು ಅತ್ತೆ. "ಈಗಲಾದ್ರೂ ನಿನ್ನ ಹೊಟ್ಟೆ ತಣ್ಣಗಾಯ್ತಾ?"

"ಅಯ್ಯೋ, ಯಾಕೆ ತೊಳೆದ್ರಿ ಅತ್ತೆ!"

"ಏನಂದೆ?"

"ಅಲ್ಲ... ಸ್ವಲ್ಪ ಕೊಳೆ ಉಳಿಸಬಹುದಿತ್ತು."

ಗಂಡನ ಪೇಪರು ಕೆಳಗಿಳಿಯಿತು. ಅತ್ತೆ ಸೊಸೆಯ ಹಣೆ ಮುಟ್ಟಿ ನೋಡಿದರು.

ಪುಟ್ಟಿಗಂತೂ ಹೊಸ ಆನೆ ಹಿಡಿಸಲೇ ಇಲ್ಲ. ಮೂಸಿ ನೋಡಿ ಮುಖ ಸಿಂಡರಿಸಿದಳು. ಆಮೇಲೆ ಅದನ್ನು ದರದರನೆ ಎಳೆದುಕೊಂಡು ಬಾಲ್ಕನಿಯ ಮೂಲೆಗೆ ಹೋಗಿ, ಹೂಕುಂಡದ ಒದ್ದೆ ಮಣ್ಣಿಗೆ ಸೊಂಡಿಲು ಚುಚ್ಚಿ, "ಕುಡಿ, ಕುಡಿ" ಎಂದಳು.

ಛೀ ಎನ್ನಲು ಬಾಯಿ ತೆರೆದ ತಾಯಿ ಅದನ್ನು ಅರ್ಧಕ್ಕೇ ನುಂಗಿಕೊಂಡಳು. "ದಿನಾ ಹೀಗೇನಾ ಅತ್ತೆ?"

"ಮತ್ತೆ? ಆನೆಗೆ ಬಾಯಾರಿಕೆ ಆಗಲ್ವಾ?"

"ನೋಡ್ಕೊಂಡು ಸುಮ್ಮನಿದ್ರಾ! ನನಗೊಂದು ಮಾತು ಹೇಳಬಾರದಿತ್ತಾ?"

"ಹೇಳಿದ್ರೆ ನೀನು ಕುಂಡಾನೂ ತೊಳೀರಿ ಅಂತಿದ್ದೆ."

ಅವಳು ಮಗುವಿನ ಬಾಯಿ ಒರೆಸಿ, ಸೊಂಡಿಲು ಕಸಿದು, ಕುಂಡದ ಮಣ್ಣನ್ನು ಪುಟ್ಟ ಡಬ್ಬಿಗೆ ತುಂಬಿಕೊಂಡಳು.

ಆ ವಾರವೆಲ್ಲ ಲ್ಯಾಬಿನಲ್ಲಿ ಅವಳು ತಟ್ಟೆಗಳ ಮುಂದಿನಿಂದ ಏಳಲಿಲ್ಲ. ಮಣ್ಣಿನಿಂದ ಅದೇ ಬೂದು ಚುಕ್ಕೆ ಬಂತು. ಸುತ್ತ ಅದೇ ಖಾಲಿ ಜಾಗವೂ ಬಂತು, ಈ ಸಲ ಬೂಷ್ಟಿಲ್ಲದೆ. ಮೇಡಂ ಸರಿ ಎಂದು ತಲೆಯಾಡಿಸಿದರು. ಕೆಲಸ ಮುಂದುವರಿಯಿತು.

ಸುದ್ದಿ ಕೇಳಿದ ಅತ್ತೆ ಕುಂಡದ ಪಕ್ಕ ಕುರ್ಚಿ ಹಾಕಿಕೊಂಡು ಕೂತರು. "ಹಾಗಾದ್ರೆ ಆ ಔಷಧಿಗೆ ನನ್ನ ಹೆಸರಿಡಿ. ಕುಂಡ ನಂದು."

"ಔಷಧಿ ಆಗೋಕೆ ಇನ್ನೂ ಎಷ್ಟು ವರ್ಷವೋ ಅತ್ತೆ. ಮನುಷ್ಯರಿಗೂ ವಿಷವೇ ಅಂತ ಗೊತ್ತಾದರೂ ಆಗಬಹುದು."

ಅತ್ತೆ ಕುರ್ಚಿಯನ್ನು ಕುಂಡದಿಂದ ಸ್ವಲ್ಪ ಹಿಂದಕ್ಕೆ ಎಳೆದುಕೊಂಡರು.

"ಹಾಗಿದ್ರೆ ನಿನ್ನ ಹೆಸರೇ ಇರಲಿ ಬಿಡು."